ಹೆಸರು ಕೇಳುವ ಬೀಗ



ಹಳೆಯ ಎಚ್‌ಎಂವಿ ರೆಕಾರ್ಡುಗಳನ್ನು ಗುಜರಿಗೆ ಹಾಕದೆ ಉಳಿಸಿಕೊಂಡವರ ಮನೆಯಲ್ಲಿ ಡಮ್ ಡಮ್ ಎಂಬ ಊರಿನ ಹೆಸರು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಲಕೋಟೆಯ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ. ಗ್ರಾಮಫೋನ್ ಕಂಪನಿ 1928ರಲ್ಲಿ ಕಲ್ಕತ್ತೆಯ ಅಂಚಿನ ಈ ಊರಲ್ಲಿ ಕಾರ್ಖಾನೆ ತೆರೆಯಿತು. ನಮ್ಮ ಎಷ್ಟೋ ಕನ್ನಡ ಹಾಡುಗಳು ಇಲ್ಲಿ ಅಚ್ಚಾಗಿ ಕರ್ನಾಟಕಕ್ಕೆ ಬಂದವು. ನಾನು ನೌಕರಿಯ ದೆಸೆಯಿಂದ ಇಲ್ಲಿಗೆ ಬಂದು, ಆಮೇಲೆ ಇಲ್ಲಿಯವನೇ ಆಗಿಹೋದ ಕನ್ನಡಿಗ. ಕಂಪ್ಯೂಟರ್ ರಿಪೇರಿ ನನ್ನ ಕಸುಬು.

ಇವತ್ತಿನ ಮಾತು ಹಾಡಿನದಲ್ಲ, ಕಸುಬಿನದು. ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ನಡುದಾರಿಯಲ್ಲಿ ಪರದೆ ನಿಂತುಬಿಡುತ್ತದಲ್ಲ, ನಿಮ್ಮ ಹೆಸರು ಬರೆಯಿರಿ, ರಿಜಿಸ್ಟ್ರೇಷನ್ ಕೀ ಬರೆಯಿರಿ ಎಂದು, ಆ ಜಾಗದ ವಿಷಯ. ವಿಂಡೋಸ್ ಆದರೆ ಬೀದಿಗೊಬ್ಬ ಬಲ್ಲವನು ಸಿಗುತ್ತಾನೆ. ಇಡೀ ಊರಲ್ಲಿ ಒಬ್ಬರು ಬಳಸಿದರೆ ಹೆಚ್ಚು ಎನ್ನುವಂಥ ಸಿಸ್ಟಮ್ ಆದರೆ ಯಾರನ್ನು ಕೇಳುವುದು?

ಇಲ್ಲಿನ ನಾಗೇರ್‌ಬಜಾರಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ. ಲೋಹದ ತಂತಿಯ ಎರಡೂ ತುದಿ ಹಿಡಿದು ಎಳೆದು, ಎಷ್ಟು ಭಾರಕ್ಕೆ ತುಂಡಾಯಿತು ಎಂದು ಅಳೆಯುವ ಯಂತ್ರ ಅಲ್ಲಿ ಓಡುತ್ತದೆ. ಯಂತ್ರ ಗಟ್ಟಿಮುಟ್ಟಾಗಿದೆ. ಅದನ್ನು ನಡೆಸುವ ಪ್ರೋಗ್ರಾಮ್ ಮಾತ್ರ ತೊಂಬತ್ತರ ದಶಕದ್ದು. ಓಎಸ್ ಟು ಬಿಟ್ಟರೆ ಇನ್ನೊಂದರ ಮೇಲೆ ಓಡುವುದಿಲ್ಲ. ಹೊಸ ಯಂತ್ರ ಕೊಳ್ಳಿ ಎಂದು ಸಲಹೆ ಕೊಡುವವರಿಗೆ ಕೊರತೆಯಿಲ್ಲ. ದುಡ್ಡು ಕೊಡುವವರು ಬೇಕಲ್ಲ.

ಓಎಸ್ ಟು ಎಂಬುದನ್ನು ಇಂದಿನ ಹುಡುಗರು ಕೇಳಿಯೂ ಇರಲಾರರು. ಐಬಿಎಂ ಮತ್ತು ಮೈಕ್ರೋಸಾಫ್ಟ್ ಜೊತೆಗೂಡಿ 1987ರಲ್ಲಿ ಹೊರತಂದ ಸಿಸ್ಟಮ್ ಅದು. ಮುಂದೆ ವಿಂಡೋಸ್ ಕೈಹಿಡಿದ ಮೇಲೆ ಮೈಕ್ರೋಸಾಫ್ಟ್ ಬೇರೆ ಮನೆ ಮಾಡಿತು. 1992ರಲ್ಲಿ ಬಂದ ಎರಡನೇ ಆವೃತ್ತಿ ಐಬಿಎಂ ಒಂದರದೇ ಕೆಲಸ. ಕಾಕತಾಳೀಯವೋ ಏನೋ, 1978ರಲ್ಲಿ ಭಾರತ ಬಿಟ್ಟುಹೋಗಿದ್ದ ಐಬಿಎಂ ಟಾಟಾ ಜೊತೆ ಸೇರಿ ಮರಳಿ ಬಂದದ್ದೂ ಅದೇ 1992ರಲ್ಲಿ. ಆಮೇಲೆ ವಾರ್ಪ್ ಎಂಬ ಹೆಸರಿನಲ್ಲಿ 1994 ಮತ್ತು 1996ರಲ್ಲಿ ಎರಡು ಆವೃತ್ತಿಗಳು ಬಂದವು. ಮನೆಗಳಲ್ಲಿ ಸೋತಿತು, ಕೆಲಸದ ಜಾಗಗಳಲ್ಲಿ ಬೇರು ಬಿಟ್ಟಿತು. ಎಟಿಎಂ ಪೆಟ್ಟಿಗೆಗಳ ಒಳಗೆ, ಕಾರ್ಖಾನೆಗಳಲ್ಲಿ, ನ್ಯೂಯಾರ್ಕಿನ ಸುರಂಗ ರೈಲಿನ ಟಿಕೆಟ್ ವ್ಯವಸ್ಥೆಯ ಹಿಂದೆ, ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ದುಡಿಯಿತು. ಐಬಿಎಂ 2005ರ ಕೊನೆಗೆ ಮಾರಾಟ ನಿಲ್ಲಿಸಿತು, 2006ರ ಕೊನೆಗೆ ಬೆಂಬಲವನ್ನೂ ನಿಲ್ಲಿಸಿತು.

ಅಷ್ಟರಲ್ಲಿ ಅದಕ್ಕೊಬ್ಬ ವಾರಸುದಾರ ಹುಟ್ಟಿದ್ದ. ಅಮೆರಿಕದ ಸೆರೆನಿಟಿ ಸಿಸ್ಟಮ್ಸ್ ಎಂಬ ಕಂಪನಿ ಐಬಿಎಂನಿಂದ ಪರವಾನಗಿ ಪಡೆದು, ಓಎಸ್ ಟುವಿಗೆ ಹೊಸ ಡ್ರೈವರುಗಳನ್ನು ಸೇರಿಸಿ, 2001ರಿಂದ ಇಕಾಮ್‌ಸ್ಟೇಷನ್ ಎಂಬ ಹೆಸರಲ್ಲಿ ಮಾರತೊಡಗಿತು. ನೆದರ್ಲೆಂಡ್ಸಿನ ಮೆನ್ಸಿಸ್ ಎಂಬ ಕಂಪನಿಯೂ ಕೈಜೋಡಿಸಿತು. ಎರಡನೇ ಆವೃತ್ತಿ 2010ರಲ್ಲಿ ಬಂತು, 2.1 ಆವೃತ್ತಿ 2011ರಲ್ಲಿ. ಆ ವರ್ಕ್‌ಶಾಪಿನ ಯಜಮಾನರಾದ ಹಿರಿಯರು ಕೊಂಡದ್ದು ಇದನ್ನೇ. ಹಳೆಯ ವಾರ್ಪ್ ಹೊಸ ಡಿಸ್ಕುಗಳನ್ನು ಗುರುತಿಸದೆ ಸತಾಯಿಸುತ್ತಿತ್ತು. ಕೊಂಡಾಗ ಒಂದು ಪ್ರಮಾಣಪತ್ರ ಬಂತು. ಅದರಲ್ಲಿ ಒಂದು ಹೆಸರು, ಒಂದು ಕೀ. ಹಿರಿಯರು ಸಿಸ್ಟಮ್ ಹಾಕಿಸಿಕೊಂಡು ಸುಖವಾಗಿದ್ದರು.

ಹಿರಿಯರು ಹೋದರು. ಅವರು ಹೋದ ಮೇಲೆ ಡಿಸ್ಕೂ ಹೋಯಿತು. ಮಗ ಕಲ್ಕತ್ತೆಯ ಚಾಂದನಿ ಮಾರ್ಕೆಟ್ಟಿನಿಂದ ಬೇರೆ ಡಿಸ್ಕ್ ತಂದು, ಅಪ್ಪನ ಸಿಡಿ ಹಾಕಿ, ಕೀ ಬರೆದ. ತಪ್ಪು ಎಂದಿತು. ಇನ್ನೊಮ್ಮೆ ಬರೆದ. ಮತ್ತೆ ತಪ್ಪು ಎಂದಿತು. ಕಂಪನಿಯೇ ಕೀಯನ್ನು ರದ್ದು ಮಾಡಿರಬೇಕು ಎಂದು ತೀರ್ಮಾನಿಸಿಕೊಂಡು ನನ್ನನ್ನು ಕರೆದ.

ಇಂಟರ್ನೆಟ್ಟಿನ ತಂತಿಯೇ ಇಲ್ಲದ ಕಂಪ್ಯೂಟರ್ ಅದು. ಸಾವಿರಾರು ಮೈಲಿ ಆಚೆಯ ಕಂಪನಿ ಒಂದು ಕೀಯನ್ನು ರದ್ದು ಮಾಡಿದರೂ ಈ ಪೆಟ್ಟಿಗೆಗೆ ಅದನ್ನು ಹೇಳುವವರು ಯಾರು? ಹೀಗೆ ಯೋಚಿಸಿದರೆ ಅರ್ಧ ದಾರಿ ಸವೆದಂತೆ. ಇಂಥ ಕಡೆ ಪರೀಕ್ಷೆ ನಡೆಯುವುದು ಕಂಪ್ಯೂಟರಿನೊಳಗೇ, ಬರೀ ಲೆಕ್ಕದಿಂದ. ನೀವು ಕೊಟ್ಟ ಹೆಸರಿನ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಇದೆ. ಆ ಸಂಖ್ಯೆಗಳನ್ನು ಒಂದು ಸೂತ್ರಕ್ಕೆ ಹಾಕಿ ಬಂದ ಉತ್ತರ, ನೀವು ಕೊಟ್ಟ ಕೀಗೆ ತಾಳೆಯಾಗಬೇಕು. ಅಷ್ಟೇ. ನೀವು ಯಾರು, ದುಡ್ಡು ಕೊಟ್ಟಿರೋ ಇಲ್ಲವೋ, ಬದುಕಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಈ ಲೆಕ್ಕ ಎಷ್ಟು ಸರಳವಾಗಿರಬಹುದು ಎಂಬುದಕ್ಕೆ ವಿಂಡೋಸ್ 95 ಒಳ್ಳೆಯ ಉದಾಹರಣೆ. ಅಂಗಡಿಯಲ್ಲಿ ಕೊಂಡ ಸಿಡಿಯ ಕೀ ಹತ್ತು ಅಂಕಿಯದು, ಮೊದಲು ಮೂರು, ಆಮೇಲೆ ಏಳು. ಆ ಏಳು ಅಂಕಿಗಳನ್ನು ಕೂಡಿಸಿದಾಗ ಬಂದ ಮೊತ್ತ ಏಳರಿಂದ ಭಾಗವಾದರೆ ಆಯಿತು, ಒಳಗೆ ಬಿಡುತ್ತಿತ್ತು. ಏಳೂ ಕಡೆ ಒಂದು ಒಂದು ಎಂದು ಬರೆದರೂ ಸೈ. ಕಾವಲು ಎನ್ನುವುದಕ್ಕಿಂತ ಅದು ಸಭ್ಯತೆಯ ಒಂದು ಗೆರೆ. ಇದೇ ಬಗೆಯ ಲೆಕ್ಕ ನಿಮ್ಮ ಜೇಬಿನಲ್ಲೂ ಇದೆ. ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿ ಮೊದಲ ಹನ್ನೊಂದು ಅಂಕಿಗಳಿಂದ ಹುಟ್ಟಿದ್ದು. ಡಚ್ ಗಣಿತಜ್ಞ ವೆರ್ಹೂಫ್ ಕಟ್ಟಿದ ಸೂತ್ರ ಅದು. ಸರಕು ರೈಲಿನ ಡಬ್ಬಿಗಳ ಮೇಲೆ ಬಿಳಿ ಬಣ್ಣದಲ್ಲಿ ಹನ್ನೊಂದು ಅಂಕಿ ಬರೆದಿರುತ್ತಾರಲ್ಲ, ಅದರ ಕೊನೆಯ ಅಂಕಿಯೂ ಹಾಗೆಯೇ. ಗುಮಾಸ್ತ ಒಂದು ಅಂಕಿ ಬದಲಿಸಿ ಬರೆದುಕೊಂಡರೆ ಕೊನೆಯ ಅಂಕಿ ಒಪ್ಪುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಹೀಗಾಗಿ ಕೀ ತಪ್ಪು ಎಂದು ಪರದೆ ಹೇಳಿದಾಗ, ಹೆಸರು ಮತ್ತು ಕೀ ಒಂದಕ್ಕೊಂದು ಒಪ್ಪುತ್ತಿಲ್ಲ ಎಂದಷ್ಟೇ ತಿಳಿಯಬೇಕು. ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಜನ ಮಾತ್ರ ಕೀಯನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಹೆಸರಿನ ಮೇಲೆ ಅನುಮಾನವೇ ಬರುವುದಿಲ್ಲ. ನಮ್ಮ ಅಪ್ಪನ ಹೆಸರು ನಮಗೆ ಗೊತ್ತಿಲ್ಲವೇ?

ಬಂಗಾಳದಲ್ಲಿ ಈ ಪ್ರಶ್ನೆಯನ್ನು ಅಷ್ಟು ಧೈರ್ಯವಾಗಿ ಕೇಳಬಾರದು. ಇಲ್ಲಿ ಒಬ್ಬೊಬ್ಬರಿಗೂ ಎರಡು ಹೆಸರು. ಮನೆಯಲ್ಲಿ ಕರೆಯುವ ಡಾಕ್ ನಾಮ್, ಊರಿಗೆ ಹೇಳುವ ಭಾಲೋ ನಾಮ್. ಮನೆತನದ ಹೆಸರಿಗೂ ಎರಡು ರೂಪ. ಬ್ಯಾನರ್ಜಿ ಎಂದರೂ ಬಂದ್ಯೋಪಾಧ್ಯಾಯ ಎಂದರೂ ಒಂದೇ ಮನೆತನ. ಮುಖರ್ಜಿ, ಮುಖೋಪಾಧ್ಯಾಯ ಹಾಗೆಯೇ. ಇಂಗ್ಲಿಷಿನಲ್ಲಿ ಬರೆಯುವಾಗ ಬ್ಯಾನರ್ಜಿಯ ಕೊನೆಗೆ ಕೆಲವರು ಎರಡು ‘ಇ’ ಹಾಕುತ್ತಾರೆ, ಕೆಲವರು ಒಂದು ‘ಐ’ ಹಾಕುತ್ತಾರೆ. ವರ್ಕ್‌ಶಾಪಿನ ಫಲಕದ ಮೇಲೆ ಬಂದ್ಯೋಪಾಧ್ಯಾಯ ಎಂದಿತ್ತು. ಮಗ ಬರೆದದ್ದು ಅದನ್ನೇ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬೇರೆ ಇತ್ತು.

ನಗಬೇಡಿ, ನಮ್ಮ ಕಥೆಯೇನೂ ಇದಕ್ಕಿಂತ ವಾಸಿಯಲ್ಲ. ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಆದ ಮೇಲೆ ಚುಕ್ಕಿ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಉದ್ದಕ್ಕೆ ಬಿಡಿಸಿಕೊಂಡು ಸರ್‌ನೇಮ್ ಆಗಿ ಕೂತಿರುತ್ತದೆ. ಮಂಜುನಾಥನಿಗೆ ‘ಟಿ’ ಆದ ಮೇಲೆ ‘ಹೆಚ್’ ಇದೆಯೋ ಇಲ್ಲವೋ ಎಂದು ಮಂಜುನಾಥನ ಮನೆಯವರಿಗೇ ಒಮ್ಮತವಿಲ್ಲ. ಮನುಷ್ಯರ ಕಣ್ಣಿಗೆ ಇವೆಲ್ಲ ಒಂದೇ. ಲೆಕ್ಕದ ಸೂತ್ರಕ್ಕೆ ಚುಕ್ಕಿ ಒಂದು ಸಂಖ್ಯೆ, ಖಾಲಿ ಜಾಗ ಒಂದು ಸಂಖ್ಯೆ, ದೊಡ್ಡ ‘ಎ’ ಒಂದು ಸಂಖ್ಯೆ, ಚಿಕ್ಕ ‘ಎ’ ಇನ್ನೊಂದು.

ಹಾಗಾದರೆ ಪ್ರಮಾಣಪತ್ರ ಎಲ್ಲಿ? ಹಿರಿಯರ ಕಾಗದಗಳೆಲ್ಲ ಮಗಳ ಮನೆಗೆ ಹೋಗಿದ್ದವು, ಮಗಳಿರುವುದು ಬೆಂಗಳೂರಿನಲ್ಲಿ. ಮಸುಕಾದ ಹಾಳೆ, ಫೋಟೋ ತೆಗೆದು ಕಳಿಸಿದರೆ 8 ಯಾವುದು ‘ಬಿ’ ಯಾವುದು ತಿಳಿಯುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಫೋನಿನಲ್ಲಿ ಓದು ಎಂದ ತಮ್ಮ.

ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಹೇಳುವುದು ಎಂಥ ಪಡಿಪಾಟಲು ಎಂದು ಬಲ್ಲವರೇ ಬಲ್ಲರು. ‘ಬಿ’, ‘ಡಿ’, ‘ಪಿ’, ‘ಟಿ’ ಎಲ್ಲ ಒಂದೇ ಶ್ರುತಿ. ಬಂಗಾಳಿ ಬಾಯಿಗೆ ‘ವಿ’ ಸಲೀಸಲ್ಲ; ಅದು ‘ಭಿ’ ಆಗುತ್ತದೆ. ಅತ್ತ ಅಕ್ಕ ‘ಭಿ’ ಎಂದರೆ ಇತ್ತ ತಮ್ಮ ಬರೆದುಕೊಂಡದ್ದು ‘ಬಿ’. ನಾವು ಕನ್ನಡಿಗರು ‘ಯಮ್’, ‘ಯನ್’ ಎಂದು ಹೇಳಿ ಕೇಳುವವನನ್ನು ಗೊಂದಲಕ್ಕೆ ಕೆಡವುತ್ತೇವೆ. ಸೊನ್ನೆಗೆ ‘ಓ’ ಎನ್ನುವ ಚಟವಂತೂ ದೇಶಕ್ಕೆಲ್ಲ ಇದೆ. ‘ಡಬಲ್ ತ್ರೀ’ ಎಂದರೆ ಎರಡು ಮೂರೋ, ‘ಡಿ’ ಆದ ಮೇಲೆ ಮೂರೋ?

ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಡಮ್ ಡಮ್‌ನಲ್ಲಿ ಫೋನ್ ಮಾತು ನಡುವೆ ಒಮ್ಮೆ ನಿಲ್ಲಲೇಬೇಕು, ವಿಮಾನ ದಾಟಿದ ಮೇಲೆ ಮುಂದುವರಿಯಬೇಕು. ಆಗಲೇ ನೆನಪಾದದ್ದು, ಈ ತೊಂದರೆಗೆ ವಿಮಾನದವರು ಎಂದೋ ಪರಿಹಾರ ಕಂಡುಕೊಂಡಿದ್ದಾರಲ್ಲ ಎಂದು. ಆಲ್ಫಾ, ಬ್ರಾವೋ, ಚಾರ್ಲಿ, ಡೆಲ್ಟಾ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1956ರ ಮಾರ್ಚ್ 1ರಿಂದ ಜಾರಿಗೆ ತಂದ ಅಕ್ಷರಮಾಲೆ ಅದು. ಬೇರೆ ಬೇರೆ ಭಾಷೆಯವರ ಬಾಯಲ್ಲಿ, ಗೊರಗೊರ ಎನ್ನುವ ರೇಡಿಯೋದಲ್ಲಿ ಒಂದು ಪದ ಇನ್ನೊಂದರಂತೆ ಕೇಳಿಸಬಾರದು ಎಂದೇ ಆಯ್ದ ಪದಗಳು. ಒಂಬತ್ತನ್ನು ಅವರು ‘ನೈನ್’ ಎನ್ನುವುದಿಲ್ಲ, ‘ನೈನರ್’ ಎನ್ನುತ್ತಾರೆ, ‘ಫೈವ್’ ಜೊತೆ ಬೆರೆಯದಿರಲಿ ಎಂದು. ಇಲ್ಲಿನ ವಿಮಾನ ನಿಲ್ದಾಣದ ಸಂಕೇತವನ್ನೇ ತೆಗೆದುಕೊಳ್ಳಿ: ವಿಕ್ಟರ್, ಎಕೋ, ಚಾರ್ಲಿ, ಚಾರ್ಲಿ. ‘ಭಿ’ ಎಂದು ಕೇಳಿಸಿಕೊಂಡವನೂ ‘ವಿಕ್ಟರ್’ ಎಂದರೆ ‘ಬ್ರಾವೋ’ ಎಂದು ಬರೆಯಲಾರ. ಆ ಪಟ್ಟಿಯನ್ನು ಅಕ್ಕನಿಗೆ ಕಳಿಸಿ, ನಿಧಾನಕ್ಕೆ ಓದಿಸಿ, ಬರೆದುಕೊಂಡದ್ದನ್ನು ಇಲ್ಲಿಂದ ತಿರುಗಿ ಓದಿ ಒಪ್ಪಿಸಿದೆವು. ತಿರುಗಿ ಓದುವುದು ಮುಖ್ಯ. ಪೈಲಟ್‌ಗಳೂ ಹಾಗೆಯೇ ಮಾಡುತ್ತಾರೆ.

ಅಂದಹಾಗೆ ಮೈಕ್ರೋಸಾಫ್ಟಿನವರು ಈ ಕಷ್ಟವನ್ನು ಮೂಲದಲ್ಲೇ ಕಡಿಮೆ ಮಾಡಿದ್ದರು. 2001ರ ವಿಂಡೋಸ್ ಎಕ್ಸ್‌ಪಿಯ ಕೀ ಇಪ್ಪತ್ತೈದು ಅಕ್ಷರಗಳದ್ದು. ಆದರೆ ಅದರಲ್ಲಿ ಬರಬಹುದಾದ ಗುರುತುಗಳು ಇಪ್ಪತ್ತನಾಲ್ಕೇ. ಸ್ವರಾಕ್ಷರ ಒಂದೂ ಇಲ್ಲ. ಸೊನ್ನೆ ಇಲ್ಲ, ಒಂದು ಇಲ್ಲ, ಐದು ಇಲ್ಲ. ‘ಎಲ್’, ‘ಎಸ್’, ‘ಝಡ್’ ಇಲ್ಲ. ಓ ಮತ್ತು ಸೊನ್ನೆಯ ಜಗಳವೇ ಇಲ್ಲ, ಎರಡಕ್ಕೂ ಬಾಗಿಲು ಮುಚ್ಚಿದೆ. ‘ಬಿ’ ಮತ್ತು 8 ಎರಡನ್ನೂ ಯಾಕೆ ಉಳಿಸಿಕೊಂಡರೋ, ಆ ಪುಣ್ಯಾತ್ಮರನ್ನೇ ಕೇಳಬೇಕು. ಸಣ್ಣ ಕಂಪನಿಗಳ ಕೀಗಳಲ್ಲಿ ಇಷ್ಟು ನಾಜೂಕು ನಿರೀಕ್ಷಿಸುವ ಹಾಗಿಲ್ಲ.

ಹಾಳೆಯ ಮೇಲೆ ಬ್ಯಾನರ್ಜಿ ಎಂದಿತ್ತು, ಕೊನೆಗೆ ‘ಐ’. ಹಿರಿಯರು ಇಮೇಲಿನಲ್ಲಿ ಸಹಿ ಹಾಕುತ್ತಿದ್ದದ್ದು ಹಾಗಂತೆ. ಅಂಗಡಿ, ಬ್ಯಾಂಕು, ಮನೆಯ ಬಾಗಿಲು ಎಲ್ಲೂ ಇಲ್ಲದ ರೂಪ. ಇನಿಷಿಯಲ್ ಆದ ಮೇಲೆ ಚುಕ್ಕಿ ಇತ್ತು. ಎಲ್ಲವನ್ನೂ ಇದ್ದ ಹಾಗೆ ಬರೆದೆವು. ಆದರೂ ಒಪ್ಪಲಿಲ್ಲ. ಆಗ ಕಣ್ಣು ಕೀಬೋರ್ಡಿನ ಮೇಲೆ ಬಿತ್ತು. ಚಾಂದನಿಯಲ್ಲಿ ಅಗ್ಗಕ್ಕೆ ಸಿಕ್ಕಿದ, ಹೊರದೇಶದಿಂದ ಬಂದ ಹಳೆಯ ಮಾಲು. ಜರ್ಮನ್ ಕೀಬೋರ್ಡು. ಅದರಲ್ಲಿ ‘ವೈ’ ಇರುವ ಕಡೆ ‘ಝಡ್’, ‘ಝಡ್’ ಇರುವ ಕಡೆ ‘ವೈ’. ಸಿಸ್ಟಮ್ ಅದನ್ನು ಅಮೆರಿಕದ ಕೀಬೋರ್ಡು ಎಂದೇ ನಂಬಿತ್ತು. ಪರದೆಯ ಮೇಲೆ ಮೂಡಿದ್ದನ್ನು ನೋಡದೆ, ಬೆರಳನ್ನೇ ನೋಡಿಕೊಂಡು ಒತ್ತುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕೀಬೋರ್ಡು ಬದಲಿಸಿದೆವು. ಮುಂದಿನ ಪರದೆ ಬಂತು.

ಬೇರೆ ಕಡೆ ಕಂಡ ಇನ್ನೆರಡು ಕಾಟಗಳನ್ನೂ ಹೇಳಿಬಿಡುತ್ತೇನೆ. ಒಂದು ಕನ್ನಡಿಗರದೇ. ಕನ್ನಡ ಕೀಲಿಮಣೆ ಚಾಲೂ ಇರುವಾಗ ಕೀಯನ್ನು ಒಂದು ಕಡತದಲ್ಲಿ ಬರೆದಿಟ್ಟು, ಅಲ್ಲಿಂದ ಕಾಪಿ ಮಾಡಿ ಅಂಟಿಸಿದರೆ, ಒತ್ತಕ್ಷರ ಬಿಡಿಸಲು ನಾವು ಬಳಸುವ ಕಾಣದ ಗುರುತೊಂದು ನಡುವೆ ಸೇರಿಕೊಂಡಿರುತ್ತದೆ. ಕಣ್ಣಿಗೆ ಕಾಣದು, ಲೆಕ್ಕಕ್ಕೆ ಬರುತ್ತದೆ. ವರ್ಡ್ ಪ್ರೋಗ್ರಾಮು ಚಿಕ್ಕ ಅಡ್ಡಗೆರೆಯನ್ನು ತಾನಾಗಿ ಉದ್ದ ಮಾಡುವುದೂ ಇದೇ ಜಾತಿ. ಬೆರಳಿನಿಂದಲೇ ಹೊಸದಾಗಿ ಬರೆಯುವುದು ಲೇಸು. ಇನ್ನೊಂದು ದಿನಾಂಕ. ಮದರ್‌ಬೋರ್ಡಿನ ಗುಂಡಿಯಂಥ ಬ್ಯಾಟರಿ ಸತ್ತರೆ ಹಳೆಯ ಕಂಪ್ಯೂಟರುಗಳು 1980ರ ಜನವರಿ 1ಕ್ಕೆ ಮರಳುತ್ತವೆ. ಅವಧಿ ಇರುವ ಕೀ ಆದರೆ, ಇನ್ನೂ ಹುಟ್ಟದ ದಿನಾಂಕದ ಪರವಾನಗಿಯನ್ನು ಅದು ಹೇಗೆ ಒಪ್ಪೀತು? ಸಿಆರ್ 2032 ಎಂಬ ಬ್ಯಾಟರಿ, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಇಂಥ ಕೀಗಳ ಕಾಟ ಮೊದಲಿನಿಂದ ಇದ್ದದ್ದಲ್ಲ. ಡಮ್ ಡಮ್‌ನಿಂದ ಬರಾನಗರ್ ದೂರವಿಲ್ಲ. ಅಲ್ಲಿನ ಭಾರತೀಯ ಸಾಂಖ್ಯಿಕ ಸಂಸ್ಥೆಗೆ, ಮಹಾಲನೋಬಿಸ್ ಕಟ್ಟಿದ, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ದುಡಿದ ಸಂಸ್ಥೆಗೆ, 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರ ಬಂತು. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ಅದಕ್ಕೆ ಆಪರೇಟಿಂಗ್ ಸಿಸ್ಟಮ್ಮೂ ಇರಲಿಲ್ಲ, ಕೀಯೂ ಇರಲಿಲ್ಲ. ಆ ಕಾಲದಲ್ಲಿ ಪ್ರೋಗ್ರಾಮು ಯಂತ್ರದ ಜೊತೆಗೇ ಬರುತ್ತಿತ್ತು. ಐಬಿಎಂ ಯಂತ್ರಕ್ಕೊಂದು ಬೆಲೆ, ಪ್ರೋಗ್ರಾಮಿಗೊಂದು ಬೆಲೆ ಎಂದು ಬೇರೆ ಮಾಡುತ್ತೇನೆಂದು ಸಾರಿದ್ದು 1969ರ ಜೂನ್‌ನಲ್ಲಿ. ಬೇರೆ ಮಾಡಿದ ಮೇಲೆ ಬೀಗ ಬೇಕಾಯಿತು.

ಬೀಗಗಳಲ್ಲಿ ಮೂರು ತರಹದ್ದನ್ನು ನಾನು ಕಂಡಿದ್ದೇನೆ. ಕನ್ನಡದ ಡಿಟಿಪಿ ಅಂಗಡಿಯವರಿಗೆ ಡಾಂಗಲ್ ಚೆನ್ನಾಗಿ ಗೊತ್ತು. ಶ್ರೀಲಿಪಿಯಂಥ ಫಾಂಟ್ ಪ್ಯಾಕೇಜಿನ ಜೊತೆ ಬರುತ್ತಿದ್ದ, ಪ್ರಿಂಟರ್ ತೂತಿಗೆ ಸಿಕ್ಕಿಸುವ ತುಂಡು. ಅದಿದ್ದರೆ ಪ್ರೋಗ್ರಾಮು ಓಡುತ್ತದೆ, ಕಿತ್ತರೆ ಇಲ್ಲ. ಹೊಸ ಕಂಪ್ಯೂಟರುಗಳಲ್ಲಿ ಆ ತೂತೇ ಮಾಯವಾದಾಗ ದುಡ್ಡು ಕೊಟ್ಟು ಕೊಂಡವರು ಡಾಂಗಲ್ ಹಿಡಿದು ಕೂತರು. ಅಂಥದೊಂದು ತುಂಡಿಗಾಗಿ ಹಳೆಯ ಪೆಂಟಿಯಮ್ ಪೆಟ್ಟಿಗೆಯನ್ನು ಸಾಕುತ್ತಿದ್ದ ಪ್ರೆಸ್‌ಗಳಿದ್ದವು. ಎರಡನೆಯದು ಕಂಪನಿಯ ಸರ್ವರನ್ನು ಕೇಳಿ ತೆರೆಯುವ ಬೀಗ. ಸರ್ವರ್ ಇರುವ ತನಕ ಇದರಷ್ಟು ಸಲೀಸು ಇನ್ನೊಂದಿಲ್ಲ. ಸರ್ವರ್ ನಿಂತ ದಿನ, ನೀವು ಎಷ್ಟೇ ಪ್ರಾಮಾಣಿಕರಾದರೂ ಹೊರಗೆ. ಅಡೋಬಿಯವರು 2005ರ ಕ್ರಿಯೇಟಿವ್ ಸೂಟ್ 2ರ ಸರ್ವರನ್ನು 2013ರ ಸುಮಾರಿಗೆ ಮುಚ್ಚಿದಾಗ, ಕೊಂಡವರಿಗೆಂದು ಸರ್ವರ್ ಕೇಳದ ಇನ್ನೊಂದು ಪ್ರತಿಯನ್ನು ಕೊಟ್ಟರು. ಮೆಚ್ಚಬೇಕಾದ ನಡತೆ, ಆದರೆ ಎಲ್ಲರಿಂದಲೂ ಬಯಸಲಾಗದು.

ಮೂರನೆಯದೇ ನಾವು ಒದ್ದಾಡಿದ ಹೆಸರು ಮತ್ತು ಕೀಯ ಜೋಡಿ. ಚುಕ್ಕಿಗೂ ಜಗಳ ತೆಗೆಯುವ ಹಠಮಾರಿ. ಆದರೂ ನನ್ನ ಓಟು ಇದಕ್ಕೇ. ಇದು ಯಾರ ಹಂಗಿನಲ್ಲೂ ಇಲ್ಲ. ಇಕಾಮ್‌ಸ್ಟೇಷನ್ ಕಂಪನಿಯಿಂದ ಕಂಪನಿಗೆ ಕೈ ಬದಲಾಯಿಸಿ ಕೊನೆಗೆ ಸದ್ದಡಗಿತು. ಅಷ್ಟಾದರೂ ಡಮ್ ಡಮ್‌ನ ಗಲ್ಲಿಯಲ್ಲಿ ಅದರ ಕೀ ಕೆಲಸ ಮಾಡಿತು, ಕೊಂಡವರೂ ಮಾರಿದವರೂ ಇಬ್ಬರೂ ಇಲ್ಲದಾಗ.

ಇಂಥ ವೇಳೆ ಕೀಯನ್ನೇ ಮುರಿಯುವ ಪ್ರೋಗ್ರಾಮು ಹುಡುಕೋಣವೇ ಎಂದು ಕೇಳುವವರಿದ್ದಾರೆ. ಆ ಮಗನೂ ಕೇಳಿದ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು, ನ್ಯಾಯವಾಗಿ ಕೊಂಡವನು ಪ್ರೋಗ್ರಾಮು ನಷ್ಟವಾಗದಂತೆ ತನಗಾಗಿ ಬ್ಯಾಕಪ್ ಪ್ರತಿ ಇಟ್ಟುಕೊಳ್ಳಲು ಒಪ್ಪುತ್ತದೆ. 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ. ನನ್ನ ಅನುಭವದ ಮಾತು ಬೇರೆ: ಕೀ ಮುರಿಯುವ ಪ್ರೋಗ್ರಾಮಿನ ಜೊತೆ ವೈರಸ್ ಪುಕ್ಕಟೆ ಬರುತ್ತದೆ. ಹಾಗಾಗಿ ಡಿಸ್ಕ್ ನೆಟ್ಟಗೆ ಓಡತೊಡಗಿದ ಕೂಡಲೇ ಅದರ ಪೂರ್ತಿ ಪ್ರತಿ ತೆಗೆದು ಇನ್ನೊಂದು ಡಿಸ್ಕಿಗೆ ಹಾಕಿಟ್ಟೆವು. ಅದೇ ಯಂತ್ರಕ್ಕೆ ಮರಳಿ ಹಾಕುವುದಾದರೆ ಮತ್ತೆ ಹೆಸರು ಬರೆಯುವ ಪ್ರಸಂಗವೇ ಇಲ್ಲ.

ಕೀ ನಿಜಕ್ಕೂ ಕಳೆದುಹೋಗಿದ್ದರೆ? ಮಾರಿದವರು ಇದ್ದರೆ ಬಿಲ್ಲಿನ ಪ್ರತಿ ಹಿಡಿದು ಕೇಳಬೇಕು. ಇಲ್ಲದಿದ್ದರೆ ಓಎಸ್ ಟುವಿಗೆ ಈಗಿರುವ ದಾರಿ ಆರ್ಕಾಓಎಸ್. ಅಮೆರಿಕದ ಆರ್ಕಾ ನೋಯ್ ಕಂಪನಿ 2017ರಲ್ಲಿ ಹೊರತಂದದ್ದು. 2023ರಲ್ಲಿ ಬಂದ 5.1 ಆವೃತ್ತಿ ಯುಇಎಫ್ಐ ಎಂಬ ಹೊಸ ಬಗೆಯ ಆರಂಭ ವ್ಯವಸ್ಥೆ ಇರುವ ಕಂಪ್ಯೂಟರುಗಳಲ್ಲೂ ಓಡುತ್ತದೆ. ಅವರು ಕೊಂಡ ಒಬ್ಬೊಬ್ಬರಿಗೂ ಪ್ರತ್ಯೇಕ ಪ್ರತಿ ಕಟ್ಟಿಕೊಡುತ್ತಾರೆ, ಪರವಾನಗಿ ಅದರೊಳಗೇ ಅಡಕ. ಲಿನಕ್ಸಿಗೆ ಹೋಗಬಹುದಲ್ಲ ಎಂದರೆ, ಧಾರಾಳವಾಗಿ ಹೋಗಬಹುದು. ಅಲ್ಲಿ ಕೀ ಕೇಳುವವರೇ ಇಲ್ಲ, ನಮ್ಮ ಸಿ-ಡ್ಯಾಕ್‌ನವರ ಬಾಸ್ ಲಿನಕ್ಸ್ ಕನ್ನಡದಲ್ಲೂ ಮಾತಾಡುತ್ತದೆ. ಆದರೆ ತಂತಿ ಎಳೆಯುವ ಆ ಪ್ರೋಗ್ರಾಮನ್ನು ಅಲ್ಲಿ ಓಡಿಸುವವರು ಸಿಗಬೇಕು. ವರ್ಕ್‌ಶಾಪಿನ ಮಗ ಸದ್ಯಕ್ಕೆ ಆರ್ಕಾಓಎಸ್ ಕೊಳ್ಳಲು ದುಡ್ಡು ಎತ್ತಿಟ್ಟಿದ್ದಾನೆ. ಅರ್ಜಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದ. ಮನುಷ್ಯರ ಹೆಸರು ಬೇಡ, ಟ್ರೇಡ್ ಲೈಸೆನ್ಸಿನಲ್ಲಿ ವರ್ಕ್‌ಶಾಪಿನ ಹೆಸರು ಹೇಗಿದೆಯೋ ಹಾಗೆ ಬರೆ, ಬಿಲ್ಲಿನ ಒಂದು ಪ್ರತಿಯನ್ನು ಅಕ್ಕನಿಗೆ ಕಳಿಸು ಎಂದೆ.